ಭಾರ ಬಿದ್ದಾಗಿನ ಸದ್ದು

ಅಂಗಡಿಯ ತೊಲೆಯಿಂದ ಇಳಿಬಿಟ್ಟ ಎರಡು ಕೊಕ್ಕೆಗಳಿಗೆ ನನ್ನ ಸೈಕಲ್ಲನ್ನು ನೇತುಹಾಕಿ ಅವರು ಪೆಡಲನ್ನು ಕೈಯಿಂದ ತಿರುಗಿಸಿದರು. ಹಿಂದಿನ ಗಾಲಿ ಸುಂಯ್ ಎಂದು ತಿರುಗಿತು. ಒಂದೊಂದೇ ಗೇರು ಬದಲಿಸಿದರು. ಒಂದೆರಡು ಕಡೆ ಚೈನು ಸ್ವಲ್ಪ ಗೊಣಗಿದ್ದು ಬಿಟ್ಟರೆ ಬೇರೇನೂ ಇಲ್ಲ. ಹದಿನೈದು ದಿನದಿಂದ ನನ್ನ ನೆಮ್ಮದಿ ಕೆಡಿಸಿದ್ದ ಆ 'ಟಿಣ್ ಟಿಣ್' ಮಾತ್ರ ಎಲ್ಲೂ ಕೇಳಲಿಲ್ಲ. ನನಗೆ ನಾಚಿಕೆಯಾಯಿತು. "ದಾರಿಯಲ್ಲಿ ಬರ್ತದೆ, ನಿಜವಾಗಿಯೂ ಬರ್ತದೆ" ಎಂದೆ. 'ನಿಜವಾಗಿಯೂ' ಎಂಬ ಮಾತನ್ನು ಸೇರಿಸಬೇಕಾಗಿ ಬಂದಾಗ ನಮ್ಮ ದನಿ ನಮಗೇ ಸುಳ್ಳುಗಾರರ ದನಿಯಂತೆ ಕೇಳುತ್ತದೆ.

ಹೊನ್ನಾವರದ ಪೇಟೆಯ ಆ ಅಂಗಡಿ ಚಿಕ್ಕದು. ಪಂಕ್ಚರ್ ತಿದ್ದುವುದು, ಬ್ರೇಕ್ ಬಿಗಿ ಮಾಡುವುದು ಅಲ್ಲಿನ ದಿನನಿತ್ಯದ ಕೆಲಸ. ಅಂಗಡಿಯವರಿಗೆ ಅರವತ್ತರ ಆಸುಪಾಸು. ಅವರು ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿ ಹೇಳಿದರು: "ಇಲ್ಲಿ ಎಲ್ಲಿ ಬರ್ತದೆ ತಂಗೀ? ಇದರ ಮೇಲೆ ಯಾರೂ ಕೂತಿಲ್ಲ. ಯಾವಾಗ ಬರ್ತದೆ ಹೇಳು."

ಈ ಬರಹ ಆ ಒಂದು ಪ್ರಶ್ನೆಯ ಬಗ್ಗೆ. 'ಬರುತ್ತದೆಯೇ' ಎಂದು ಅವರು ಕೇಳಲಿಲ್ಲ. 'ಯಾವಾಗ ಬರುತ್ತದೆ' ಎಂದು ಕೇಳಿದರು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದನ್ನು ನಾನು ಕಲಿಯಬೇಕಾದ ಕಾಲಕ್ಕೆ ಕಲಿಯಲಿಲ್ಲ.

ಮೊದಲು ಸೈಕಲ್ಲಿನ ವಿಷಯ ಹೇಳಿಬಿಡುತ್ತೇನೆ. ನನ್ನ ತಲೆಮಾರಿನ ಅನೇಕರಂತೆ ನನ್ನ ಮೊದಲ ಸೈಕಲ್ಲೂ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳಿಗೆ ಗೇರು ಇರಲಿಲ್ಲ. ಮುಂದೊಂದು ಹಲ್ಲಿನ ಚಕ್ರ, ಹಿಂದೊಂದು, ನಡುವೆ ಚೈನು. ಸದ್ದು ಬಂದರೆ ಚೈನು ಕವರಿಗೆ ತಾಗುತ್ತಿದೆ, ಇಲ್ಲವೇ ಮಡ್‌ಗಾರ್ಡು ಸಡಿಲವಾಗಿದೆ, ಅಷ್ಟೇ. ಮೂರು ವರ್ಷದ ಹಿಂದೆ ಕ್ಷೇತ್ರಕಾರ್ಯಕ್ಕೆಂದು ಭಟ್ಕಳದಿಂದ ಕುಮಟೆಯವರೆಗಿನ ಊರುಗಳನ್ನು ಸುತ್ತಬೇಕಾಗಿ ಬಂದಾಗ ಒಂದು ಹಳೆಯ ಗೇರ್ ಸೈಕಲ್ ಕೊಂಡೆ. ಮುಂದೆ ಮೂರು ಚಕ್ರ, ಹಿಂದೆ ಏಳು. ಹಿಂದಿನ ಏಳು ಚಕ್ರಗಳ ಕೆಳಗೆ ಡಿರೇಲರ್ ಎಂಬ ಪುಟ್ಟ ತೋಳೊಂದು ನೇತಾಡುತ್ತಿರುತ್ತದೆ. ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಒಂದು ಉಕ್ಕಿನ ಕೇಬಲ್ ಆ ತೋಳನ್ನು ಎಳೆಯುತ್ತದೆ ಅಥವಾ ಸಡಿಲಿಸುತ್ತದೆ. ತೋಳು ಚೈನನ್ನು ಪಕ್ಕದ ಚಕ್ರಕ್ಕೆ ದಾಟಿಸುತ್ತದೆ. ಅಲ್ಲಿ ಕೆಲವು ಮಿಲಿಮೀಟರುಗಳ ವ್ಯವಹಾರ. ಒಂದು ಮಿಲಿಮೀಟರ್ ಆಚೀಚೆಯಾದರೂ ಚೈನು ಎರಡು ಚಕ್ರಗಳ ನಡುವೆ ಯಾವುದಕ್ಕೂ ಸೇರದೆ ಕಟಕಟ ಎನ್ನುತ್ತದೆ.

ನಮ್ಮ ಕರಾವಳಿ ಇಂಥ ಯಂತ್ರಕ್ಕೆ ಒಳ್ಳೆಯ ಊರಲ್ಲ. ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ, ಉಪ್ಪುಗಾಳಿ, ಕಾಸರಕೋಡಿನ ಮರಳು, ಗುಡ್ಡದ ಮೇಲಿನ ಚಿರೇಕಲ್ಲಿನ ಕೆಂಪು ಹುಡಿ. ಕೇಬಲ್ ತನ್ನ ಹೊರಕವಚದೊಳಗೇ ತುಕ್ಕು ಹಿಡಿಯುತ್ತದೆ. ಎಣ್ಣೆಗೆ ಅಂಟಿದ ಮರಳು ಚೈನಿನ ಕೀಲುಗಳನ್ನು ಒಳಗಿನಿಂದ ಅರೆಯುತ್ತದೆ. 'ಚೈನು ಉದ್ದ ಆಗಿದೆ' ಎನ್ನುತ್ತಾರಲ್ಲ, ಅದು ಉಕ್ಕು ಹಿಗ್ಗಿ ಆದದ್ದಲ್ಲ, ಪ್ರತಿ ಕೀಲೂ ಕೂದಲೆಳೆಯಷ್ಟು ಸವೆದು ಆದದ್ದು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗದಷ್ಟು ಹೆಚ್ಚಿದರೆ ಅಷ್ಟರಲ್ಲಿ ಅದು ಹಲ್ಲಿನ ಚಕ್ರಗಳನ್ನೂ ತನ್ನಂತೆ ಸವೆಸಿರುತ್ತದೆ.

ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸದ್ದನ್ನು ನಿಲ್ಲಿಸುವ ಎರಡು ಉಪಾಯ. ಮೊದಲನೆಯದು ಎಣ್ಣೆ. ಎಣ್ಣೆ ಬಿಟ್ಟರೆ ಬಹುತೇಕ ಸದ್ದು ಎರಡು ದಿನ ಸುಮ್ಮನಾಗುತ್ತದೆ, ಕಾರಣ ಅಲ್ಲೇ ಉಳಿದಿರುತ್ತದೆ. ಎರಡನೆಯದು, ಡಿರೇಲರಿಗೆ ಕೇಬಲ್ ಸೇರುವ ಜಾಗದಲ್ಲಿರುವ ಪುಟ್ಟ ತಿರುಪು. ಅದಕ್ಕೆ ಇಂಗ್ಲಿಷಿನಲ್ಲಿ ಅಡ್ಜಸ್ಟರ್ ಎಂದೇ ಹೆಸರು. ಕಾಲು ಸುತ್ತು ತಿರುಗಿಸಿದರೆ ಕೇಬಲ್ ಸ್ವಲ್ಪ ಬಿಗಿಯಾಗುತ್ತದೆ, ಗೇರಿನ ಕಟಕಟ ನಿಲ್ಲುತ್ತದೆ. ನಾನು ತಿಂಗಳುಗಟ್ಟಲೆ ಅದನ್ನೇ ತಿರುಗಿಸಿದೆ. ನಾಲ್ಕನೇ ಗೇರಿನ ಸದ್ದು ನಿಂತರೆ ಎರಡನೆಯದರಲ್ಲಿ ಶುರುವಾಗುತ್ತಿತ್ತು. ಅದನ್ನು ಸರಿಮಾಡಿದರೆ ಆರನೆಯದರಲ್ಲಿ. ಕೊನೆಗೆ ಹೊನ್ನಾವರದಿಂದ ಕುಮಟೆಗೆ ಹೋಗುವ ಸಮತಟ್ಟು ದಾರಿಯಲ್ಲಿ, ಕರ್ಕಿ, ಹಳದೀಪುರ, ಧಾರೇಶ್ವರ ದಾಟುವಾಗ ನಾನು ಬಳಸುವ ಎರಡು ಮೂರು ಗೇರುಗಳು ಸದ್ದಿಲ್ಲದೆ ನಡೆಯುವಂತೆ ಮಾಡಿಕೊಂಡು ಸಮಸ್ಯೆ ಮುಗಿಯಿತು ಎಂದುಕೊಂಡೆ. ಆಮೇಲೆ ಒಂದು ದಿನ ಶರಾವತಿ ಸೇತುವೆ ದಾಟಿ ಅಪ್ಸರಕೊಂಡದ ಏರು ಹತ್ತುವಾಗ, ಅತ್ಯಂತ ಹಗುರದ ಗೇರಿನಲ್ಲಿ ಎದ್ದುನಿಂತು ತುಳಿಯುತ್ತಿದ್ದಾಗ, ಈ ಹೊಸ ಟಿಣ್ ಟಿಣ್ ಕೇಳಿತು.

ಅಂಗಡಿಯವರ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಯಾವ ಗೇರಿನಲ್ಲಿ? ತುಳಿಯುವುದು ಬಿಟ್ಟರೆ ನಿಲ್ಲುತ್ತದೋ? ಕೂತಾಗಲೋ, ಎದ್ದಾಗಲೋ? ಪೆಡಲಿನ ಒಂದು ಸುತ್ತಿಗೆ ಎಷ್ಟು ಸಲ? ಪ್ರತಿ ಪ್ರಶ್ನೆಯೂ ಸೈಕಲ್ಲಿನ ಒಂದೊಂದು ಭಾಗವನ್ನು ಸಂಶಯದ ಪಟ್ಟಿಯಿಂದ ಹೊರಗೆ ಹಾಕುತ್ತಿತ್ತು ಎಂದು ಆಮೇಲೆ ತಿಳಿಯಿತು. ಸೀಟಿನಿಂದ ಎದ್ದರೆ ನಿಲ್ಲುವ ಸದ್ದು ಸೀಟಿನದ್ದು. ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ಬಂದರೆ ಪೆಡಲು, ಕ್ರ್ಯಾಂಕು ಅಥವಾ ಅವುಗಳ ನಡುವಿನ ಅಚ್ಚಿನದ್ದು. ಮುಂದಿನ ಚಕ್ರಕ್ಕೆ 38 ಹಲ್ಲು, ಚೈನಿಗೆ 114 ಕೊಂಡಿ ಇದ್ದರೆ, ಚೈನಿನ ಒಂದು ಕೊಂಡಿ ಮತ್ತೆ ಅದೇ ಜಾಗಕ್ಕೆ ಬರಲು ಪೆಡಲು ಮೂರು ಸುತ್ತು ತಿರುಗಬೇಕು. ಆದ್ದರಿಂದ ಮೂರು ಸುತ್ತಿಗೊಮ್ಮೆ ಬರುವ ಸದ್ದು ಬಿಗಿಯಾದ ಕೊಂಡಿಯದ್ದು. ಹೀಗೆ ಬರಿಯ ಎಣಿಕೆಯಿಂದಲೇ ಕಾರಣವನ್ನು ಹತ್ತಿರದಿಂದ ಹಿಡಿಯಬಹುದು. ಸದ್ದು ಬಂದ ಜಾಗವನ್ನು ಕಿವಿಯಿಂದ ಗುರುತಿಸುತ್ತೇನೆ ಎಂದರೆ ಮೋಸ ಹೋಗುತ್ತೇವೆ. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳಿಂದ ಆದದ್ದು. ಒಂದು ಮೂಲೆಯ ಸದ್ದನ್ನು ಇನ್ನೊಂದು ಮೂಲೆಗೆ ಸಾಗಿಸಿಬಿಡುತ್ತದೆ. ನಾನು ಪೆಡಲಿನ ಅಚ್ಚೇ ಹೋಗಿದೆ ಎಂದು ತೀರ್ಮಾನಿಸಿಕೊಂಡು ಬಂದಿದ್ದೆ.

"ಸೈಕಲ್ ಯಾವಾಗ ಬಿದ್ದಿತ್ತು?" ಅವರ ಕೊನೆಯ ಪ್ರಶ್ನೆ.

"ಬಿದ್ದಿಲ್ಲ" ಎಂದೆ. ಅವರು ವಾದಿಸಲಿಲ್ಲ. ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಡಿರೇಲರನ್ನು ಬಿಚ್ಚಿದರು. ಅದು ಚೌಕಟ್ಟಿಗೆ ಸೇರುವ ಬೆರಳಗಲದ ಉಕ್ಕಿನ ಕಿವಿಯೊಂದಿದೆ, ಹ್ಯಾಂಗರ್ ಎನ್ನುತ್ತಾರೆ. ಮೂಲೆಯಲ್ಲಿದ್ದ ಹಳೆಯ ಗೇರ್ ಸೈಕಲ್ಲೊಂದರ ಹಿಂಗಾಲಿಯನ್ನು ತಂದು, ಅದರ ಅಚ್ಚಿನ ತುದಿಯನ್ನು ಆ ಕಿವಿಯ ತೂತಿಗೆ ತಿರುಗಿಸಿ ಕೂರಿಸಿದರು. ಎರಡಕ್ಕೂ ಒಂದೇ ಅಳತೆಯ ಮರೆ. ಈಗ ನನ್ನ ಗಾಲಿಯ ಪಕ್ಕದಲ್ಲಿ ಇನ್ನೊಂದು ಗಾಲಿ ನಿಂತಿತ್ತು. ಕಿವಿ ನೆಟ್ಟಗಿದ್ದರೆ ಎರಡೂ ಗಾಲಿಗಳ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಇರಲಿಲ್ಲ. ಕೆಳಗಡೆ ಎರಡನೆಯ ಗಾಲಿ ನನ್ನ ಗಾಲಿಯ ಕಡೆಗೆ ವಾಲಿತ್ತು. ನನ್ನ ಕಣ್ಣಿಗೂ ಕಾಣುವಷ್ಟು.

ಆಗ ನೆನಪಾಯಿತು. ಹಿಂದಿನ ಮಳೆಗಾಲದಲ್ಲಿ ಮಂಕಿಯ ಒಂದು ಮನೆಯೆದುರು ಸೈಕಲ್ ನಿಲ್ಲಿಸಿ ಒಳಗೆ ಹೋಗಿದ್ದೆ. ಗಾಳಿಗೋ ದನಕ್ಕೋ ಸಿಕ್ಕಿ ಅದು ಬಲಕ್ಕೆ, ಗೇರಿನ ಮೇಲೇ ಬಿದ್ದಿತ್ತು. ಎತ್ತಿ, ಕೆಸರು ಒರೆಸಿ, ಹತ್ತಿ ಹೋಗಿದ್ದೆ. ನಾನು ಬಿದ್ದಿರಲಿಲ್ಲವಲ್ಲ, ಹಾಗಾಗಿ ಸೈಕಲ್ ಬಿದ್ದದ್ದು ನನ್ನ ನೆನಪಿನಲ್ಲಿ ಬೀಳುವಿಕೆಯಾಗಿ ಉಳಿದಿರಲಿಲ್ಲ. ಅಂದೇ ಕಿವಿ ಒಳಕ್ಕೆ ಬಾಗಿತ್ತು. ಅದರ ಜೊತೆ ಡಿರೇಲರೂ ಗಾಲಿಯ ಕಡ್ಡಿಗಳ ಕಡೆಗೆ ವಾಲಿತ್ತು. ಏರಿನಲ್ಲಿ ಎದ್ದು ತುಳಿದಾಗ ಮೈಭಾರಕ್ಕೆ ಗಾಲಿ ತುಸುವೇ ಪಕ್ಕಕ್ಕೆ ಮಣಿಯುತ್ತದೆ. ಆಗ ಕಡ್ಡಿಗಳು ಡಿರೇಲರಿಗೆ ತಾಗಿ ಟಿಣ್ ಎನ್ನುತ್ತಿದ್ದವು. ಕೊಕ್ಕೆಯಲ್ಲಿ ನೇತಾಡುವ ಗಾಲಿ ಯಾವ ಭಾರಕ್ಕೂ ಮಣಿಯಬೇಕಿಲ್ಲ. "ಇನ್ನೊಂದು ಸ್ವಲ್ಪ ಬಾಗಿದ್ರೆ ಇದು ಕಡ್ಡಿ ಒಳಗೆ ಹೋಗ್ತಿತ್ತು. ಗಾಲಿ ಅಲ್ಲೇ ಕಚ್ಚಿಕೊಳ್ತಿತ್ತು" ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಎರಡನೆಯ ಗಾಲಿಯನ್ನೇ ಹಿಡಿಯಂತೆ ಬಳಸಿ, ಕಿವಿಯನ್ನು ನಿಧಾನವಾಗಿ ಹೊರಕ್ಕೆ ಎಳೆದು ನೆಟ್ಟಗೆ ಮಾಡಿದರು. ಉಕ್ಕಾದ್ದರಿಂದ ಬಾಗಿತು, ಅಲ್ಯೂಮಿನಿಯಂ ಆಗಿದ್ದರೆ ಮುರಿಯುವ ಭಯವಿತ್ತು. ಡಿರೇಲರ್ ಮಿತಿ ಮೀರಿ ಒಳಕ್ಕೆ ಹೋಗದಂತೆ ತಡೆಯುವ ತಿರುಪನ್ನು ಸರಿಪಡಿಸಿದರು. ನಾನು ತಿಂಗಳುಗಟ್ಟಲೆ ತಿರುಗಿಸಿದ್ದ ಅಡ್ಜಸ್ಟರನ್ನು ಮೊದಲಿದ್ದಲ್ಲಿಗೆ ತಂದರು. ಹಣ ಕೊಡಲು ಹೋದರೆ ಬೇಡವೆಂದರು. "ಏರು ಹತ್ತಿ ನೋಡ್ಕೊಂಡು ಬಾ. ನೀನು ಇಲ್ಲ ಅಂದ ಮೇಲೆ ಕೊಡು."

ಸದ್ದು ಇದೆ ಎಂದು ಹೇಳಿದವಳು ನಾನು. ಆದ್ದರಿಂದ ಸದ್ದು ಹೋಯಿತು ಎಂದು ಹೇಳಬೇಕಾದವಳೂ ನಾನೇ. ಅವರಿಗೆ ಇದು ವ್ಯಾಪಾರದ ಸಾಮಾನ್ಯ ರೀತಿ ಇರಬಹುದು. ನನಗೆ ಏರು ಹತ್ತುತ್ತಾ, ಸದ್ದಿಲ್ಲದ ಗೇರನ್ನು ಕೇಳುತ್ತಾ, ಬೇರೊಬ್ಬಳ ನೆನಪಾಯಿತು.

ಅವಳು ನನಗಿಂತ ಎರಡು ವರ್ಷ ಚಿಕ್ಕ ಸಂಶೋಧನಾರ್ಥಿ. ನಮ್ಮಿಬ್ಬರಿಗೂ ಒಬ್ಬರೇ ಮಾರ್ಗದರ್ಶಕರು. ಒಂದು ಸಂಜೆ ಅವಳು ನನ್ನ ಕೋಣೆಗೆ ಬಂದು, ಮಾರ್ಗದರ್ಶಕರು ತನ್ನಿಂದ ಸಂಶೋಧನೆಗೆ ಸಂಬಂಧವಿಲ್ಲದ ಕೆಲಸಗಳನ್ನು ಮಾಡಿಸುತ್ತಾರೆ, ಮಾಡದಿದ್ದರೆ ಪ್ರಗತಿ ವರದಿಗೆ ಸಹಿ ಹಾಕುವುದನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ ಎಂದಳು. ನನಗೆ ಆಶ್ಚರ್ಯವಾಯಿತು. ನನ್ನ ಜೊತೆ ಅವರು ಎಂದೂ ಹಾಗೆ ನಡೆದುಕೊಂಡಿರಲಿಲ್ಲ. ಅದನ್ನೇ ಹೇಳಿದೆ. ಆಮೇಲೆ ನಾವೆಲ್ಲ ಹೇಳುವ ಮಾತನ್ನೂ ಹೇಳಿದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಕೆಲವು ತಿಂಗಳ ನಂತರ ಅವಳು ಲಿಖಿತ ದೂರು ಕೊಟ್ಟಳು. ವಿಚಾರಿಸಲು ಕೂತವರು ಉಳಿದ ವಿದ್ಯಾರ್ಥಿಗಳನ್ನೂ ಕರೆದು ಕೇಳಿದರು. ನಾನು ಹೇಳಿದ್ದು ಒಂದೇ ವಾಕ್ಯ: "ನನಗೆ ಅವರಿಂದ ಯಾವ ತೊಂದರೆಯೂ ಆಗಿಲ್ಲ."

ಅದು ಸತ್ಯ. ಒಂದಕ್ಷರವೂ ಸುಳ್ಳಲ್ಲ. ಆ ಸತ್ಯವೇ ಅವಳ ವಿರುದ್ಧ ಬಳಕೆಯಾಯಿತು. ಇತರ ವಿದ್ಯಾರ್ಥಿಗಳಿಂದ ದೂರಿಲ್ಲದ ಕಾರಣ ಆರೋಪಕ್ಕೆ ಆಧಾರ ಕಾಣುವುದಿಲ್ಲ ಎಂದು ಬರೆದು ಮುಗಿಸಿದರು. ನಾನು ಸುಳ್ಳು ಹೇಳಲಿಲ್ಲ ಎಂಬ ಸಮಾಧಾನದಲ್ಲಿ ಒಂದು ವರ್ಷ ಕಳೆದೆ.

ಏರಿನ ಮೇಲೆ ನನಗೆ ಕಾಡಿದ ಪ್ರಶ್ನೆ ಇದು: ನಿಜವನ್ನೇ ಹೇಳಿಯೂ ತಪ್ಪು ಮಾಡಬಹುದೇ? ನಮ್ಮ ದರ್ಶನಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ಚರ್ಚೆಯಿದೆ. ಕುಮಾರಿಲ ಭಟ್ಟನ ಮೀಮಾಂಸೆಯೂ ಅದ್ವೈತವೂ 'ಅನುಪಲಬ್ಧಿ'ಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತವೆ. ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲವೆಂದು ತಿಳಿಯುತ್ತೇವೆ. ಆದರೆ ಅದಕ್ಕೊಂದು ಷರತ್ತಿದೆ. ಕೊಡ ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ನಾವು ನೋಡಿರಬೇಕು. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣಲಿಲ್ಲ ಎಂಬುದು ಕೊಡ ಇಲ್ಲ ಎಂಬುದಕ್ಕೆ ಪ್ರಮಾಣವಾಗದು. ಈ ಷರತ್ತು ಪೂರೈಸಿದ ಕಾಣದಿರುವಿಕೆಗೆ 'ಯೋಗ್ಯಾನುಪಲಬ್ಧಿ' ಎಂದು ಹೆಸರು. ಇದನ್ನು ನಾನು ಪರೀಕ್ಷೆಗೆ ಓದಿದ್ದೆ, ಉದಾಹರಣೆ ಸಮೇತ ಬರೆದು ಅಂಕವನ್ನೂ ಪಡೆದಿದ್ದೆ.

ಕೊಕ್ಕೆಯಲ್ಲಿ ನೇತಾಡುವ ಸೈಕಲ್ಲಿನಲ್ಲಿ ಸದ್ದು ಕೇಳದಿರುವುದು ಕತ್ತಲೆಯಲ್ಲಿ ಕೊಡ ಕಾಣದಿರುವಂತೆ. ವೈದ್ಯರಿಗೂ ಇದು ಗೊತ್ತು. ಏರು ಹತ್ತುವಾಗ ಎದೆ ನೋಯುತ್ತದೆ ಎನ್ನುವವರನ್ನು ಹಾಸಿಗೆಯ ಮೇಲೆ ಮಲಗಿಸಿ ಇಸಿಜಿ ತೆಗೆದರೆ ಎಲ್ಲ ಸರಿಯಿರುವಂತೆ ಕಾಣಬಹುದು. ಅದಕ್ಕೇ ಟ್ರೆಡ್‌ಮಿಲ್ ಪರೀಕ್ಷೆ ಇರುವುದು. ಅಮೆರಿಕದ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. ಹೃದಯದ ದೂರನ್ನು ಕೇಳಬೇಕಾದರೆ ಅದನ್ನು ಗುಡ್ಡ ಹತ್ತಿಸಬೇಕು.

ಮಾರ್ಗದರ್ಶಕರ ಕೋಣೆಯಲ್ಲಿ ನಾನು ಎಂದೂ ಗುಡ್ಡ ಹತ್ತಿರಲಿಲ್ಲ. ನನಗೆ ಫೆಲೋಶಿಪ್ ಇತ್ತು, ಅವಳಿಗೆ ಇರಲಿಲ್ಲ. ನನ್ನ ಅಪ್ಪ ಕಾಲೇಜು ಅಧ್ಯಾಪಕರು, ಮಾರ್ಗದರ್ಶಕರಿಗೆ ಪರಿಚಯದವರು. ಅವಳ ಮನೆಯಲ್ಲಿ ಪದವಿ ಮೆಟ್ಟಿಲು ಹತ್ತಿದ ಮೊದಲಿಗಳು ಅವಳೇ. ಒಂದು ಸಹಿ ತಡವಾದರೆ ನನಗೆ ಕಿರಿಕಿರಿ. ಅವಳಿಗೆ ಊರಿಗೆ ಮರಳಿ ಹೋಗುವ ಪ್ರಶ್ನೆ. ನಾವಿಬ್ಬರೂ ಒಂದೇ ಬಾಗಿಲಿನಿಂದ ಒಂದೇ ಕೋಣೆಗೆ ಹೋಗುತ್ತಿದ್ದೆವು, ಆದರೆ ಅಲ್ಲಿ ಅವಳ ಮೇಲಿದ್ದ ಭಾರ ನನ್ನ ಮೇಲಿರಲಿಲ್ಲ. 'ನನಗೆ ತೊಂದರೆಯಾಗಿಲ್ಲ' ಎಂಬುದು ನನ್ನ ಬಗ್ಗೆ ಮಾತ್ರ ಸತ್ಯ. ಕೇಳಿದ್ದು ಅವರ ಬಗ್ಗೆ. ಮಿರಾಂಡಾ ಫ್ರಿಕರ್ ಎಂಬ ತತ್ತ್ವಶಾಸ್ತ್ರಜ್ಞೆ 2007ರ ತನ್ನ ಪುಸ್ತಕದಲ್ಲಿ, ಕೇಳುವವರ ಪೂರ್ವಗ್ರಹದಿಂದ ಹೇಳುವವರ ಮಾತಿಗೆ ಸಲ್ಲಬೇಕಾದ ಬೆಲೆ ಸಲ್ಲದಿರುವುದನ್ನು ಒಂದು ಬಗೆಯ ಅನ್ಯಾಯವೆಂದೇ ಗುರುತಿಸುತ್ತಾಳೆ. ನನಗೆ ಅವಳ ಮೇಲೆ ಪೂರ್ವಗ್ರಹವಿತ್ತು ಎಂದು ನನಗನಿಸುವುದಿಲ್ಲ. ನನ್ನ ಅನುಭವವನ್ನೇ ಎಲ್ಲರ ಅಳತೆಗೋಲು ಎಂದುಕೊಂಡಿದ್ದೆ, ಅಷ್ಟೇ. ಅನ್ಯಾಯಕ್ಕೆ ಅಷ್ಟೇ ಸಾಕಾಯಿತು.

ಇದಕ್ಕೆ ಎದುರು ಹೇಳಬಹುದಾದ್ದನ್ನೂ ಯೋಚಿಸಿದ್ದೇನೆ. ದೂರುವವರೆಲ್ಲ ಸರಿಯೇ? ಎಲ್ಲ ಸದ್ದೂ ದೋಷವೇ? ಅಲ್ಲ. ಪೆಡಲು ನಿಲ್ಲಿಸಿ ಇಳಿಜಾರಿನಲ್ಲಿ ಹೋಗುವಾಗ ಕೇಳುವ ಟಿಕ್ ಟಿಕ್ ಫ್ರೀ ವೀಲಿನ ಆರೋಗ್ಯದ ಸದ್ದು. ಹೊಸದಾಗಿ ಗೇರ್ ಸೈಕಲ್ ಕೊಂಡವರು ಅದನ್ನೂ ರಿಪೇರಿಗೆ ತರುತ್ತಾರಂತೆ. ಹಾಗಾದರೆ ಹೇಳಿದ್ದನ್ನೆಲ್ಲ ನಂಬಿಬಿಡಬೇಕೇ?

ಅಂಗಡಿಯವರು ನನ್ನನ್ನು ನಂಬಿದರು ಎಂದೆ. ಆದರೆ ಅವರು ನಂಬಿದ್ದು ಯಾವುದನ್ನು? ಪೆಡಲಿನ ಅಚ್ಚು ಹೋಗಿದೆ ಎಂಬ ನನ್ನ ತೀರ್ಮಾನವನ್ನು ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಸರಿಯಿದ್ದ ಅಚ್ಚನ್ನು ಬಿಚ್ಚಿ ಹಣ ವ್ಯರ್ಥವಾಗುತ್ತಿತ್ತು. ಸೈಕಲ್ ಬಿದ್ದಿಲ್ಲ ಎಂಬ ನನ್ನ ಮಾತನ್ನೂ ಒಪ್ಪಲಿಲ್ಲ. ಸದ್ದು ಬರುತ್ತದೆ, ಏರಿನಲ್ಲಿ, ಎದ್ದು ತುಳಿದಾಗ, ಆ ಒಂದು ಗೇರಿನಲ್ಲಿ ಬರುತ್ತದೆ ಎಂಬುದನ್ನಷ್ಟೇ ಒಪ್ಪಿದರು. ಅದನ್ನು ತಿಳಿದವಳು ನಾನೊಬ್ಬಳೇ. ಸವಾರಿ ಮಾಡುವವರಿಗೆ ಸದ್ದಿನ ಮೇಲೆ ಅಧಿಕಾರವಿದೆ, ಕಾರಣದ ಮೇಲಿಲ್ಲ. ಕಾರಣವನ್ನು ಇಬ್ಬರೂ ಸೇರಿ ಹುಡುಕಬೇಕು. ದೂರನ್ನು ಕೇಳುವವರು ಈ ಎರಡನ್ನು ಬೇರೆ ಮಾಡದಿದ್ದರೆ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ: ಎಲ್ಲವನ್ನೂ ನಂಬಿ ತಪ್ಪಾದ ಭಾಗವನ್ನು ಬಿಚ್ಚುತ್ತಾರೆ, ಇಲ್ಲವೇ ಕಾರಣ ತಪ್ಪಾಗಿದೆ ಎಂದು ತಿಳಿದೊಡನೆ ಸದ್ದೇ ಸುಳ್ಳು ಎನ್ನುತ್ತಾರೆ. ಅವಳ ದೂರಿನಲ್ಲಿ ಒಂದೆರಡು ದಿನಾಂಕಗಳು ತಪ್ಪಿದ್ದವು, ಮಾರ್ಗದರ್ಶಕರಿಗೆ ತನ್ನ ಮೇಲೆ ದ್ವೇಷವಿದೆ ಎಂಬ ಊಹೆಯೂ ಇತ್ತು. ಆ ಊಹೆಗೆ ಆಧಾರವಿಲ್ಲ ಎಂದವರು ತಡವಾದ ಸಹಿಗಳನ್ನು ಎಣಿಸಲೇ ಇಲ್ಲ. ಎಣಿಸಲು ಸಾಧ್ಯವಿತ್ತು. ಪ್ರತಿ ವರದಿಯ ಮೇಲೂ ಕೊಟ್ಟ ದಿನ, ಸಹಿಯಾದ ದಿನ ಎರಡೂ ಇದ್ದವು.

ಇನ್ನು ನನ್ನ 'ಅಡ್ಜಸ್ಟ್ ಮಾಡ್ಕೋ' ಎಂಬ ಮಾತು. ಹೊಂದಿಕೊಳ್ಳುವುದು ಕೆಟ್ಟದ್ದೇನಲ್ಲ, ಕೇಬಲ್ ಸಹಜವಾಗಿ ಸಡಿಲಗೊಂಡಾಗ ಕಾಲು ಸುತ್ತು ತಿರುಗಿಸುವುದೇ ಸರಿಯಾದ ರಿಪೇರಿ. ಆದರೆ ಹೊತ್ತು ನಿಂತ ಕಿವಿಯೇ ಬಾಗಿರುವಾಗ ತಿರುಪು ತಿರುಗಿಸುತ್ತ ಹೋದರೆ ಸದ್ದು ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೊನೆಗೆ ಯಾರು ಏರು ಹತ್ತಲೇಬೇಕೋ ಅವರ ಪಾಲಿಗೆ ಬಂದು ನಿಲ್ಲುತ್ತದೆ. ಸಮತಟ್ಟು ದಾರಿಯವರು ಎಲ್ಲ ಸರಿಯಾಗಿದೆ ಎನ್ನುತ್ತಾರೆ.

ಗುಡ್ಡದಿಂದ ಇಳಿದು ಬಂದು ಹಣ ಕೊಟ್ಟೆ. "ಹೋಯ್ತಾ?" ಎಂದರು. "ಹೋಯ್ತು" ಎಂದೆ. ಆ ವಾರವೇ ವಿಚಾರಣೆ ನಡೆಸಿದವರಿಗೆ ಒಂದು ಪತ್ರ ಬರೆದೆ. ನನ್ನ ಹಿಂದಿನ ಹೇಳಿಕೆ ನನ್ನ ಅನುಭವಕ್ಕೆ ಮಾತ್ರ ಸಂಬಂಧಿಸಿದ್ದು, ಅವಳ ಪರಿಸ್ಥಿತಿಯಲ್ಲಿ ನಾನು ಎಂದೂ ಇರಲಿಲ್ಲ, ಆದ್ದರಿಂದ ಅವಳ ದೂರಿಗೆ ವಿರುದ್ಧವಾದ ಸಾಕ್ಷ್ಯವಾಗಿ ಅದನ್ನು ಓದಬಾರದು, ವರದಿಗಳ ದಿನಾಂಕಗಳನ್ನು ನೋಡಬೇಕು ಎಂದಿಷ್ಟು. ಕಳಿಸುವ ಮೊದಲು ಅವಳಿಗೆ ಫೋನ್ ಮಾಡಿ ಓದಿ ಹೇಳಿದೆ. ಅಷ್ಟರಲ್ಲಿ ಅವಳು ಬೇರೆ ಮಾರ್ಗದರ್ಶಕರ ಬಳಿ ಹೋಗಿ, ವಿಷಯವನ್ನೇ ಬದಲಿಸಿಕೊಂಡು, ಒಂದು ವರ್ಷ ಕಳೆದುಕೊಂಡಿದ್ದಳು.

ಅವಳು ಪೂರ್ತಿ ಕೇಳಿಸಿಕೊಂಡಳು. "ಈಗ ಇದರಿಂದ ಏನಾಗ್ತದೆ ಅಕ್ಕಾ?" ಎಂದಳು.

ನನ್ನಲ್ಲಿ ಉತ್ತರ ಇರಲಿಲ್ಲ. "ನಿನಗೆ ಯಾವಾಗೆಲ್ಲ ಹಾಗೆ ಆಯ್ತು, ಮೊದಲಿನಿಂದ ಹೇಳ್ತೀಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳತೊಡಗಿದಳು.